ಪೃಚ್ಛನೆ: ಪ್ರಶ್ನೆ ಕೇಳುವ ಶ್ರಾವಕಧರ್ಮ

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಸ್ವಾಧ್ಯಾಯವನ್ನು ಐದು ವಿಧವಾಗಿ ವಿಭಾಗಿಸಿದ್ದಾರೆ. ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ ಮತ್ತು ಧರ್ಮೋಪದೇಶ ಇವೇ ಆ ಐದು ಅಂಗಗಳು. ಇವುಗಳಲ್ಲಿ ವಾಚನೆ ನಮ್ಮ ಬಸದಿಗಳಲ್ಲಿ ಇಂದಿಗೂ ನಡೆದಿದೆ. ಆಮ್ನಾಯವು, ಎಂದರೆ ಶುದ್ಧವಾದ ಪಠಣವು, ಪರ್ಯುಷಣದ ಹತ್ತು ದಿನಗಳಲ್ಲಾದರೂ ಕಿವಿಗೆ ಬೀಳುತ್ತದೆ. ಚಾತುರ್ಮಾಸದಲ್ಲಿ ಮುನಿಮಹಾರಾಜರ ಧರ್ಮೋಪದೇಶಕ್ಕೆ ಜನರ ಕೊರತೆಯಿಲ್ಲ. ಆದರೆ ಎರಡನೆಯ ಅಂಗವಾದ ಪೃಚ್ಛನೆಯ ಗತಿಯೇನಾಗಿದೆ? ಪ್ರವಚನ ಮುಗಿದ ಮೇಲೆ "ಯಾರಿಗಾದರೂ ಶಂಕೆಯಿದ್ದರೆ ಕೇಳಬಹುದು" ಎಂಬ ಮಾತು ಬಂದೊಡನೆ ಸಭೆಯೆಲ್ಲ ತಲೆ ತಗ್ಗಿಸುತ್ತದೆ. ಒಬ್ಬಿಬ್ಬರು ಎದ್ದು ನಿಂತರೂ ಅವರು ಕೇಳುವುದು ಪ್ರಶ್ನೆಯಾಗಿರದೆ ಮತ್ತೊಂದು ಚಿಕ್ಕ ಪ್ರವಚನವೇ ಆಗಿರುತ್ತದೆ. ಪ್ರಶ್ನೆಯನ್ನು ಕೇಳುವುದೂ ಒಂದು ವಿದ್ಯೆ, ಅದಕ್ಕೂ ಒಂದು ಮರ್ಯಾದೆಯಿದೆ ಎಂಬುದನ್ನು ನಮ್ಮ ಪೂರ್ವಾಚಾರ್ಯರು ಸ್ಪಷ್ಟವಾಗಿ ವಿಧಿಸಿದ್ದರು. ಆ ವಿಧಿಯನ್ನೂ, ಅದು ಇತಿಹಾಸದಲ್ಲಿ ಫಲಿಸಿದ ಕೆಲವು ಸಂದರ್ಭಗಳನ್ನೂ ಸುಜ್ಞ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವಾಗಿದೆ.

ಶಂಕೆ ಬೇರೆ, ಪೃಚ್ಛನೆ ಬೇರೆ

ಮೊದಲಿಗೆ ಒಂದು ತಪ್ಪು ತಿಳುವಳಿಕೆಯನ್ನು ನಿವಾರಿಸಬೇಕು. ಪ್ರಶ್ನೆ ಕೇಳಿದರೆ ಸಮ್ಯಕ್ತ್ವಕ್ಕೆ ದೋಷ ತಟ್ಟುತ್ತದೆ ಎಂದು ಭಾವಿಸುವ ಸಜ್ಜನರು ನಮ್ಮಲ್ಲಿ ಅನೇಕರಿದ್ದಾರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸಮ್ಯಗ್ದೃಷ್ಟಿಯ ಅತಿಚಾರಗಳನ್ನು ಹೇಳುವಾಗ ಶಂಕೆಯನ್ನೇ ಮೊದಲು ಎಣಿಸಿರುವುದು ಅವರ ಭಯಕ್ಕೆ ಕಾರಣವಾಗಿದೆ. ಆದರೆ ಅದೇ ಗ್ರಂಥದ ಒಂಬತ್ತನೆಯ ಅಧ್ಯಾಯವು ಪೃಚ್ಛನೆಯನ್ನು ಸ್ವಾಧ್ಯಾಯದಲ್ಲಿಯೂ, ಸ್ವಾಧ್ಯಾಯವನ್ನು ಆರು ಅಭ್ಯಂತರ ತಪಸ್ಸುಗಳಲ್ಲಿಯೂ ಸೇರಿಸಿದೆ. ಒಂದೇ ಗ್ರಂಥವು ಒಂದೇ ಕ್ರಿಯೆಯನ್ನು ಒಂದೆಡೆ ದೋಷವೆಂದೂ ಮತ್ತೊಂದೆಡೆ ತಪಸ್ಸೆಂದೂ ಹೇಳಲಾರದು. ಮನಸ್ಸಿನಲ್ಲಿ ಸಂದೇಹವನ್ನು ಇಟ್ಟುಕೊಂಡು, ಅದನ್ನು ಪರಿಹರಿಸಿಕೊಳ್ಳುವ ಪ್ರಯತ್ನವನ್ನೂ ಮಾಡದೆ, ಅದರಿಂದಲೇ ಶ್ರದ್ಧೆಯನ್ನು ಶಿಥಿಲಗೊಳಿಸಿಕೊಳ್ಳುವುದು ಅತಿಚಾರ. ಆ ಸಂದೇಹವನ್ನು ಕತ್ತರಿಸಲು ತಿಳಿದವರ ಬಳಿಗೆ ಹೋಗುವುದು ತಪಸ್ಸು. ಆದ್ದರಿಂದ ಪ್ರಶ್ನೆ ಕೇಳುವವನಿಗಿಂತ, ಪ್ರಶ್ನೆಯನ್ನು ನುಂಗಿಕೊಂಡು ಕುಳಿತವನೇ ಹೆಚ್ಚು ಎಚ್ಚರದಿಂದಿರಬೇಕು.

ಅಭ್ಯಂತರ ತಪಸ್ಸುಗಳ ಕ್ರಮವನ್ನೂ ಇಲ್ಲಿ ಗಮನಿಸಬೇಕು. ಪ್ರಾಯಶ್ಚಿತ್ತ, ವಿನಯ, ವೈಯಾವೃತ್ಯ, ಅನಂತರ ಸ್ವಾಧ್ಯಾಯ. ವಿನಯವೂ ಸೇವೆಯೂ ಮೊದಲು ಬಂದು, ಅವುಗಳ ಹಿಂದೆ ಸ್ವಾಧ್ಯಾಯ ಬರುತ್ತದೆ. ಕೇಳುವವನು ಯಾವ ಮನಃಸ್ಥಿತಿಯಿಂದ ಕೇಳಬೇಕೆಂಬುದು ಈ ಕ್ರಮದಲ್ಲಿಯೇ ಅಡಗಿದೆ.

ಪೃಚ್ಛನೆಯ ಲಕ್ಷಣವೇನು? ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಅದಕ್ಕೆ ಎರಡು ಪ್ರಯೋಜನಗಳನ್ನು ಹೇಳುತ್ತಾರೆ. ಸಂಶಯವನ್ನು ಛೇದಿಸುವುದು ಒಂದು, ಈಗಾಗಲೇ ನಿಶ್ಚಯವಾದ ತಿಳುವಳಿಕೆಗೆ ಬಲ ತುಂಬುವುದು ಇನ್ನೊಂದು. ಇವೆರಡನ್ನು ಬಿಟ್ಟು ಮೂರನೆಯ ಪ್ರಯೋಜನವಿಲ್ಲ. ಅವರ ಬಳಿಕ ಬಂದ ಭಟ್ಟ ಅಕಲಂಕದೇವರು ರಾಜವಾರ್ತಿಕದಲ್ಲಿ ಈ ಲಕ್ಷಣವನ್ನು ಇನ್ನೂ ಬಿಗಿಗೊಳಿಸಿದರು. ತನ್ನನ್ನು ಮೇಲೆತ್ತಿ ತೋರಿಸುವುದು, ಎದುರಿನವರನ್ನು ಮೋಸಗೊಳಿಸುವುದು, ಅಪಹಾಸ್ಯ ಮಾಡುವುದು, ಸಂಘರ್ಷಕ್ಕೆ ಇಳಿಯುವುದು, ನಗೆಯಾಡುವುದು ಇವೆಲ್ಲವನ್ನೂ ತೊರೆದು ಕೇಳಬೇಕೆಂಬುದು ಅವರ ವಿಧಿ. ಕೇಳುವ ವಿಷಯವು ಗ್ರಂಥದ ಪಾಠವೋ, ಅದರ ಅರ್ಥವೋ, ಅಥವಾ ಎರಡೂವೋ ಎಂಬ ವಿಭಾಗವನ್ನೂ ಅವರು ಮಾಡಿದ್ದಾರೆ. ಈ ವಿಭಾಗವು ಮೇಲ್ನೋಟಕ್ಕೆ ಸಣ್ಣದೆನಿಸಿದರೂ ಬಹು ಉಪಯುಕ್ತವಾದುದು. ಪಾಠ ತಪ್ಪಿರುವಲ್ಲಿ ಅರ್ಥವನ್ನು ಕೇಳಿದರೆ, ಅಥವಾ ಅರ್ಥ ತಿಳಿಯದಿರುವಲ್ಲಿ ಪಾಠವನ್ನು ಸಂದೇಹಿಸಿದರೆ, ಉತ್ತರಿಸುವವರಿಗೂ ಕೇಳುವವನಿಗೂ ದಾರಿ ತಪ್ಪುತ್ತದೆ. ಹನ್ನೆರಡು ಶತಮಾನಗಳಿಗೂ ಹಿಂದೆ ಬರೆದ ಈ ನಿಯಮಗಳಲ್ಲಿ ಇಂದು ತಿದ್ದಬೇಕಾದುದು ಒಂದೂ ಇಲ್ಲ.

ಅರವತ್ತಾರು ದಿನಗಳ ಮೌನ

ಪ್ರಶ್ನಿಸುವವನಿಗೆ ನಮ್ಮ ಪರಂಪರೆಯಲ್ಲಿ ಎಂಥ ಸ್ಥಾನವಿದೆಯೆಂಬುದು ದಿಗಂಬರ ಸಂಪ್ರದಾಯವು ಹೇಳುವ ಭಗವಾನ್ ಮಹಾವೀರರ ಪ್ರಥಮ ದಿವ್ಯಧ್ವನಿಯ ಪ್ರಸಂಗದಿಂದ ಸ್ಪಷ್ಟವಾಗುತ್ತದೆ. ವೈಶಾಖ ಶುದ್ಧ ದಶಮಿಯಂದು ಸ್ವಾಮಿಗೆ ಕೇವಲಜ್ಞಾನವಾಯಿತು. ಸಮವಸರಣ ರಚನೆಯಾಯಿತು. ದೇವ, ಮನುಷ್ಯ, ತಿರ್ಯಂಚರೆಲ್ಲ ನೆರೆದರು. ಆದರೂ ಅರವತ್ತಾರು ದಿನಗಳ ಕಾಲ ದಿವ್ಯಧ್ವನಿ ಹೊರಡಲಿಲ್ಲ. ಅದನ್ನು ಧರಿಸಬಲ್ಲ ಗಣಧರನು ಇನ್ನೂ ಬಂದಿರಲಿಲ್ಲ. ಆಗ ಇಂದ್ರನು ವೃದ್ಧ ಬ್ರಾಹ್ಮಣನ ವೇಷದಿಂದ ಮಹಾವಿದ್ವಾಂಸನಾದ ಇಂದ್ರಭೂತಿ ಗೌತಮನ ಬಳಿಗೆ ಹೋದನು. ತನ್ನ ಗುರುಗಳು ಒಂದು ಶ್ಲೋಕವನ್ನು ಹೇಳಿ ಮೌನದಲ್ಲಿದ್ದಾರೆ, ಅದರ ಅರ್ಥವನ್ನು ತಿಳಿಸಿಕೊಡಬೇಕು ಎಂದು ಕೇಳಿಕೊಂಡನು. ಆರು ದ್ರವ್ಯಗಳು, ಪಂಚಾಸ್ತಿಕಾಯಗಳು ಮೊದಲಾದ ಪದಗಳು ಇಂದ್ರಭೂತಿಗೆ ಹೊಸವಾಗಿದ್ದವು. ಗುರುವಿನ ಎದುರಿನಲ್ಲಿಯೇ ಉತ್ತರಿಸುವೆನೆಂದು ಹೊರಟ ಆತನ ಮಾನವು ಮಾನಸ್ತಂಭವನ್ನು ಕಂಡೊಡನೆ ಕರಗಿತು. ವಾದಿಯಾಗಿ ಬಂದವನು ಶಿಷ್ಯನಾದನು. ಆಷಾಢ ಬಹುಳ ಪಾಡ್ಯದಂದು, ಉತ್ತರದವರ ಗಣನೆಯಂತೆ ಶ್ರಾವಣ ಕೃಷ್ಣ ಪ್ರತಿಪದೆಯಂದು, ರಾಜಗೃಹದ ವಿಪುಲಾಚಲದ ಮೇಲೆ ದಿವ್ಯಧ್ವನಿ ಹೊರಟಿತು. ಆ ದಿನವನ್ನೇ ವೀರಶಾಸನ ಜಯಂತಿಯೆಂದು ಆಚರಿಸುತ್ತೇವೆ.

ಇಲ್ಲಿ ಇಂದ್ರನ ಪ್ರಶ್ನೆಯ ರೀತಿಯನ್ನು ನೋಡಬೇಕು. ಯಾವ ಶ್ಲೋಕವೆಂಬುದು ನಿಶ್ಚಿತವಾಗಿದೆ, ಬೇಕಾದುದು ಅರ್ಥ ಮಾತ್ರವೆಂಬುದು ಸ್ಪಷ್ಟವಾಗಿದೆ, ತಾನು ಇವರಲ್ಲಿಗೇ ಏಕೆ ಬಂದೆನೆಂಬುದಕ್ಕೂ ಕಾರಣವಿದೆ. ವಿದ್ವಾಂಸನ ಮಾನವನ್ನು ಮುರಿಯಲು ಬೈಗುಳ ಬೇಕಾಗಲಿಲ್ಲ, ಒಂದು ಸ್ಪಷ್ಟವಾದ ಪ್ರಶ್ನೆ ಸಾಕಾಯಿತು. ಸರ್ವಜ್ಞರ ವಾಣಿಯೂ ಯೋಗ್ಯನಾದ ಶ್ರೋತೃವಿಗಾಗಿ ಕಾದಿತೆಂದರೆ, ಕೇಳುವವನ ಯೋಗ್ಯತೆಗೆ ಇದಕ್ಕಿಂತ ಹಿರಿದಾದ ಗೌರವ ಬೇರೊಂದಿಲ್ಲ.

ಅನಂತರದ ಕಥೆಯಲ್ಲಿ ಪ್ರಶ್ನೆಯ ಸ್ಥಾನವನ್ನು ಮಗಧದ ಶ್ರೇಣಿಕ ಮಹಾರಾಜನು ವಹಿಸಿಕೊಂಡನು. ಶ್ರೇಣಿಕನು ಕೇಳಿದ, ಗೌತಮ ಗಣಧರರು ಹೇಳಿದರು ಎಂಬ ಚೌಕಟ್ಟಿನಲ್ಲಿಯೇ ನಮ್ಮ ಪುರಾಣಗಳು ಬೆಳೆದಿವೆ. ಕ್ರಿ.ಶ. 941ರಲ್ಲಿ ಪಂಪನು ಕನ್ನಡದಲ್ಲಿ ರಚಿಸಿದ ಆದಿಪುರಾಣವೂ ಈ ಸಂಪ್ರದಾಯಕ್ಕೆ ಸೇರಿದುದೇ. ದ್ವಾದಶಾಂಗಗಳಲ್ಲಿ ಐದನೆಯದಾದ ವ್ಯಾಖ್ಯಾಪ್ರಜ್ಞಪ್ತಿಯು ಜೀವವಿದೆಯೋ ಇಲ್ಲವೋ ಎಂಬುದು ಮೊದಲಾದ ಪ್ರಶ್ನೆಗಳಿಗೆ ಉತ್ತರರೂಪವಾದುದು. ಆ ಪ್ರಶ್ನೆಗಳ ಸಂಖ್ಯೆ ದಿಗಂಬರ ಪರಂಪರೆಯಂತೆ ಅರವತ್ತು ಸಾವಿರ, ಶ್ವೇತಾಂಬರ ಪರಂಪರೆಯಂತೆ ಮೂವತ್ತಾರು ಸಾವಿರ. ಸಂಖ್ಯೆಯಲ್ಲಿ ಭೇದವಿದ್ದರೂ, ಪ್ರಶ್ನೆಗಳನ್ನು ಎಣಿಸಿ ಕಾಪಾಡಬೇಕಾದ ಸಂಪತ್ತೆಂದು ಎರಡೂ ಪರಂಪರೆಗಳು ಭಾವಿಸಿದುವು ಎಂಬುದರಲ್ಲಿ ಭೇದವಿಲ್ಲ.

ಗೋಡೆಯ ಮೇಲಿನ ಸೂತ್ರ

ತತ್ತ್ವಾರ್ಥಸೂತ್ರವೇ ಒಬ್ಬ ಶ್ರಾವಕನ ಪ್ರಶ್ನೆಯಿಂದ ಹುಟ್ಟಿತೆಂಬುದನ್ನು ನಾವು ಮರೆಯಬಾರದು. ಸರ್ವಾರ್ಥಸಿದ್ಧಿಯ ಆರಂಭದಲ್ಲಿ ಒಬ್ಬ ಭವ್ಯನು ಮುನಿಸಂಘದ ನಡುವೆ ಕುಳಿತ ನಿರ್ಗ್ರಂಥಾಚಾರ್ಯರ ಬಳಿಗೆ ಬಂದು, ಆತ್ಮನಿಗೆ ಹಿತವಾದುದು ಯಾವುದು ಎಂದು ವಿನಯದಿಂದ ಕೇಳುತ್ತಾನೆ. ಮೋಕ್ಷವೆಂಬ ಉತ್ತರ ಬರುತ್ತದೆ. ಅವನು ಅಲ್ಲಿಗೆ ನಿಲ್ಲದೆ, ಮೋಕ್ಷದ ಸ್ವರೂಪವೇನು, ಅದನ್ನು ಪಡೆಯುವ ಉಪಾಯವೇನು ಎಂದು ಮುಂದಿನ ಪ್ರಶ್ನೆಯನ್ನು ಕೇಳುತ್ತಾನೆ. ಬಂದ ಉತ್ತರವನ್ನೇ ಮೆಟ್ಟಿಲಾಗಿಸಿಕೊಂಡು ಮುಂದಿನ ಪ್ರಶ್ನೆಗೆ ಏರುವ ಕ್ರಮವಿದು.

ಬಾಲಚಂದ್ರ ಮುನಿಗಳ ತತ್ತ್ವರತ್ನಪ್ರದೀಪಿಕೆಯೆಂಬ ಕನ್ನಡ ಟೀಕೆಯು ಈ ಭವ್ಯನಿಗೆ ಸಿದ್ಧಯ್ಯನೆಂಬ ಹೆಸರನ್ನು ಕೊಟ್ಟಿದೆ. ಕಥೆಯು ಹೀಗಿದೆ: ಸಿದ್ಧಯ್ಯನು ಶಾಸ್ತ್ರರಚನೆಯ ಆಸೆಯಿಂದ ದರ್ಶನ, ಜ್ಞಾನ, ಚಾರಿತ್ರಗಳೇ ಮೋಕ್ಷಮಾರ್ಗವೆಂಬ ಸೂತ್ರವನ್ನು ರಚಿಸಿ ಮನೆಯಲ್ಲಿ ಬರೆದಿಟ್ಟಿದ್ದನು. ಅವನಿಲ್ಲದ ವೇಳೆಯಲ್ಲಿ ಆಹಾರಕ್ಕೆಂದು ಬಂದ ಮುನಿಗಳು ಅದನ್ನು ನೋಡಿ, ಮೊದಲಲ್ಲಿ 'ಸಮ್ಯಕ್' ಎಂಬ ಒಂದೇ ಪದವನ್ನು ಸೇರಿಸಿ ಹೊರಟುಹೋದರು. ಮರಳಿ ಬಂದ ಸಿದ್ಧಯ್ಯನು ಆ ತಿದ್ದುಪಡಿಯನ್ನು ಕಂಡು ತಾಯಿಯನ್ನು ಕೇಳಿ, ಮುನಿಗಳನ್ನು ಹುಡುಕಿಕೊಂಡು ಹೋಗಿ ತನ್ನ ಪ್ರಶ್ನೆಯನ್ನು ನಿವೇದಿಸಿದನು.

ಈ ಕಥೆಯ ಸಾರವನ್ನು ನಾನು ಹೀಗೆ ಗ್ರಹಿಸುತ್ತೇನೆ. ಸಿದ್ಧಯ್ಯನು ಬರಿಗೈಯಲ್ಲಿ ಕೇಳಿದವನಲ್ಲ. ತನ್ನ ಶಕ್ತಿಗೆ ತಕ್ಕಂತೆ ಮೊದಲು ತಾನೇ ಪ್ರಯತ್ನಿಸಿದ್ದನು, ಆ ಪ್ರಯತ್ನವನ್ನು ಬರೆದಿಟ್ಟಿದ್ದನು. ಬರೆದಿಟ್ಟ ಕಾರಣದಿಂದಲೇ ಮುನಿಗಳಿಗೆ ಕೊರತೆಯಿರುವ ಸ್ಥಳ ಕಣ್ಣಿಗೆ ಬಿತ್ತು, ಒಂದೇ ಪದದಿಂದ ತಿದ್ದಲು ಸಾಧ್ಯವಾಯಿತು. ಕೇಳುವವನು ತಾನು ಎಲ್ಲಿಯವರೆಗೆ ಬಂದಿದ್ದೇನೆಂಬುದನ್ನು ತೋರಿಸಿದರೆ ತಿಳಿದವರಿಗೆ ಕೈ ಹಿಡಿದು ಮುಂದೆ ನಡೆಸುವುದು ಸುಲಭವಾಗುತ್ತದೆ.

ನಮ್ಮ ನೆಲದಲ್ಲಿಯೂ ಇಂಥ ಜಿಜ್ಞಾಸುವೊಬ್ಬನು ಹುಟ್ಟಿದ್ದನು. ಹುನ್ನೂರಿಗೆ ದೂರವಲ್ಲದ ಮುದುವೊಳಲಿನಲ್ಲಿ, ಎಂದರೆ ಇಂದಿನ ಮುಧೋಳದಲ್ಲಿ, ಕ್ರಿ.ಶ. 949ರಲ್ಲಿ ಬಳೆಗಾರರ ಮನೆಯಲ್ಲಿ ಜನಿಸಿದ ರನ್ನನು ವಿದ್ಯೆಯನ್ನರಸಿ ಊರು ಬಿಟ್ಟು, ದಕ್ಷಿಣದ ಗಂಗರ ನಾಡಿಗೆ ಹೋಗಿ ಅಜಿತಸೇನಾಚಾರ್ಯರ ಶಿಷ್ಯನಾದನು. ಕ್ರಿ.ಶ. 993ರಲ್ಲಿ ಅತ್ತಿಮಬ್ಬೆಯ ಆಶ್ರಯದಲ್ಲಿ ಅಜಿತಪುರಾಣವನ್ನು ಮುಗಿಸಿದನು. ವ್ಯಾಪಾರಿಯ ಮಗನಿಗೆ ಶಾಸ್ತ್ರವೇಕೆ ಎಂದು ಅವನು ಮನೆಯಲ್ಲಿಯೇ ಕುಳಿತಿದ್ದರೆ ಕನ್ನಡಕ್ಕೂ ಜಿನಧರ್ಮಕ್ಕೂ ಎಷ್ಟು ನಷ್ಟವಾಗುತ್ತಿತ್ತೆಂಬುದನ್ನು ವ್ಯಾಪಾರಿಗಳಾದ ನಾವು ಯೋಚಿಸಬೇಕು.

ಮುಲತಾನದಿಂದ ಜಯಪುರಕ್ಕೆ

ಎದುರಿಗೆ ಕುಳಿತು ಕೇಳುವಾಗ ಮುಖಭಾವವೂ ಧ್ವನಿಯೂ ಸಹಾಯಕ್ಕೆ ಬರುತ್ತವೆ. ದೂರದಿಂದ ಬರೆದು ಕೇಳುವಾಗ ಅಕ್ಷರವೊಂದೇ ಆಧಾರ. ಹಾಗೆ ಬರೆದು ಕೇಳಿದ ಪ್ರಶ್ನೆಗಳಿಗೆ ಬಂದ ಉತ್ತರವೊಂದು ಜೈನ ವಾಙ್ಮಯದಲ್ಲಿ ಸ್ವತಂತ್ರ ಕೃತಿಯಾಗಿಯೇ ಉಳಿದಿದೆ. ಅದುವೇ ಪಂಡಿತಪ್ರವರ ಟೋಡರಮಲ್ಲರ 'ರಹಸ್ಯಪೂರ್ಣ ಚಿಟ್ಠಿ'.

ಟೋಡರಮಲ್ಲರಿಗೂ ನಮ್ಮ ಕನ್ನಡ ನಾಡಿಗೂ ಇರುವ ಸಂಬಂಧವನ್ನು ಮೊದಲು ಹೇಳಬೇಕು. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರವನ್ನು ರಚಿಸಿದುದು ಚಾವುಂಡರಾಯನ ನಿಮಿತ್ತದಿಂದ. ಆ ಗ್ರಂಥಕ್ಕೆ ಕೇಶವವರ್ಣಿಗಳು ಕ್ರಿ.ಶ. 1359ರಲ್ಲಿ ಕನ್ನಡದಲ್ಲಿ ಜೀವತತ್ತ್ವಪ್ರದೀಪಿಕೆಯೆಂಬ ವಿಸ್ತಾರವಾದ ವೃತ್ತಿಯನ್ನು ಬರೆದರು. ಆ ಕನ್ನಡ ವೃತ್ತಿಯನ್ನು ಆಧರಿಸಿ ಸಂಸ್ಕೃತ ಟೀಕೆ ಹುಟ್ಟಿತು. ಆ ಸಂಸ್ಕೃತ ಟೀಕೆಯನ್ನು ಆಧರಿಸಿ ಜಯಪುರದ ಟೋಡರಮಲ್ಲರು ಢೂಂಢಾರಿ ಭಾಷೆಯಲ್ಲಿ ಸಮ್ಯಗ್ಜ್ಞಾನಚಂದ್ರಿಕೆಯನ್ನು ವಿಕ್ರಮ ಸಂವತ್ 1818ರಲ್ಲಿ ಪೂರ್ಣಗೊಳಿಸಿದರು. ಶ್ರವಣಬೆಳಗೊಳದ ನೆಲದ ಅರಿವು ಕನ್ನಡದ ಕಾಲುವೆಯಿಂದಲೇ ರಾಜಸ್ಥಾನವನ್ನು ಮುಟ್ಟಿತು.

ಇದಕ್ಕೂ ಕೆಲವು ವರ್ಷ ಮುಂಚೆ, ಐದುನೂರು ಕಿಲೋಮೀಟರಿಗೂ ಹೆಚ್ಚು ದೂರದ ಮುಲತಾನದಿಂದ ಕೆಲವು ಸಾಧರ್ಮಿ ಬಂಧುಗಳು ಟೋಡರಮಲ್ಲರಿಗೆ ಪತ್ರ ಬರೆದು ಪ್ರಶ್ನೆಗಳನ್ನು ಕಳುಹಿಸಿದರು. ಸಮ್ಯಗ್ದೃಷ್ಟಿಯ ಆತ್ಮಾನುಭವ ಎಂಥದು, ವ್ಯವಹಾರಗಳಲ್ಲಿ ತೊಡಗಿರುವಾಗ ಅವನ ಸಮ್ಯಕ್ತ್ವ ಹೇಗಿರುತ್ತದೆ, ಆ ಅನುಭವವು ಪ್ರತ್ಯಕ್ಷವೋ ಪರೋಕ್ಷವೋ ಎಂಬಂಥ ಗಂಭೀರ ಪ್ರಶ್ನೆಗಳವು. ಟೋಡರಮಲ್ಲರು ವಿಕ್ರಮ ಸಂವತ್ 1811ರಲ್ಲಿ, ಎಂದರೆ ಕ್ರಿ.ಶ. 1754-55ರಲ್ಲಿ, ಉತ್ತರಪತ್ರವನ್ನು ಬರೆದರು. ಅಧ್ಯಾತ್ಮದಲ್ಲಿ ರಸವುಳ್ಳವರು ಈ ಕಾಲದಲ್ಲಿ ವಿರಳರೆಂದೂ, ಇಂಥ ಪ್ರಶ್ನೆಗಳನ್ನು ನಿಮ್ಮಂಥವರೇ ಬರೆಯಬಲ್ಲರೆಂದೂ ಅವರು ಮುಲತಾನದವರನ್ನು ಪ್ರಶಂಸಿಸಿದ್ದಾರೆ.

ಆ ಬಂಧುಗಳು ತಮ್ಮ ಪ್ರಶ್ನೆಯಲ್ಲಿ ಬಿದಿಗೆಯ ಚಂದ್ರ, ನೀರಿನ ಹನಿ, ಬೆಂಕಿಯ ಕಿಡಿ ಎಂಬ ಮೂರು ದೃಷ್ಟಾಂತಗಳನ್ನು ಕೊಟ್ಟಿದ್ದರು. ಟೋಡರಮಲ್ಲರು ಅಲ್ಲಿಯೇ ಎಚ್ಚರಿಸಿದರು. ದೃಷ್ಟಾಂತವು ಎಲ್ಲ ಅಂಗಗಳಲ್ಲಿಯೂ ಹೊಂದುವುದಿಲ್ಲ, ಅದು ಒಂದು ಪ್ರಯೋಜನವನ್ನು ಮಾತ್ರ ತೋರಿಸುತ್ತದೆ. ಬಿದಿಗೆಯ ಚಂದ್ರ ಪೂರ್ಣಚಂದ್ರನ ಒಂದಂಶ, ಹನಿಯು ಸಾಗರದ ಒಂದಂಶ, ಕಿಡಿಯು ಅಗ್ನಿಕುಂಡದ ಒಂದಂಶ ಎಂಬುದಷ್ಟೇ ಅಲ್ಲಿ ಗ್ರಾಹ್ಯ. ನಮ್ಮ ಅನೇಕ ವಾದಗಳು ತತ್ತ್ವದಿಂದ ಹುಟ್ಟದೆ ಉಪಮೆಯಿಂದ ಹುಟ್ಟುತ್ತವೆಂಬುದನ್ನು ಬಲ್ಲವರಿಗೆ ಈ ಎಚ್ಚರಿಕೆಯ ಬೆಲೆ ತಿಳಿಯುತ್ತದೆ. ಪತ್ರದ ಕೊನೆಯ ಭಾಗದಲ್ಲಿ, ಎಲ್ಲವನ್ನೂ ಬರೆಯಲಾಗದು, ಭೇಟಿಯಾದರೆ ಹೇಳಬಹುದಿತ್ತು, ಆದರೆ ಭೇಟಿಯು ಕರ್ಮಾಧೀನವೆಂಬ ಭಾವವನ್ನು ಅವರು ವ್ಯಕ್ತಪಡಿಸಿದ್ದಾರೆ. 1947ರ ದೇಶವಿಭಜನೆಯ ಬಳಿಕ ಮುಲತಾನದ ದಿಗಂಬರ ಜೈನ ಸಮಾಜದ ಅನೇಕರು ತಮ್ಮ ಜಿನಬಿಂಬಗಳೊಡನೆ ಜಯಪುರಕ್ಕೆ ಬಂದು ಆದರ್ಶನಗರದಲ್ಲಿ ನೆಲೆಸಿದರು. ಪ್ರಶ್ನೆ ಹೊರಟ ಊರಿನವರೇ ಉತ್ತರ ಹೊರಟ ಊರಿಗೆ ಬಂದು ಸೇರಿದಂತಾಯಿತು.

'ಇವನ್ನು ಓದುವವರು ಯಾರು?'

ಇನ್ನು ನಮ್ಮ ಕಾಲಕ್ಕೆ ಸಮೀಪದ ಉದಾಹರಣೆಗೆ ಬರೋಣ. ಮೂಡಬಿದಿರೆಯ ಸಿದ್ಧಾಂತ ಗ್ರಂಥಗಳ ಕಥೆಯನ್ನು ಧವಲಾ ಮುದ್ರಿತ ಆವೃತ್ತಿಯ ಪ್ರಸ್ತಾವನೆಯು ವಿವರವಾಗಿ ದಾಖಲಿಸಿದೆ. ವಿಕ್ರಮ ಸಂವತ್ 1940ರಲ್ಲಿ, ಎಂದರೆ 1883ರ ಸುಮಾರಿಗೆ, ಮುಂಬಯಿಯ ವ್ಯಾಪಾರಿ ಸೇಠ ಮಾಣಿಕಚಂದರು ಸಂಘಸಮೇತ ಮೂಡಬಿದಿರೆಯ ಯಾತ್ರೆಗೆ ಬಂದರು. ರತ್ನಬಿಂಬಗಳ ದರ್ಶನದೊಡನೆ ತಾಡಪತ್ರದ ಸಿದ್ಧಾಂತ ಗ್ರಂಥಗಳ ದರ್ಶನವನ್ನೂ ಪಡೆದರು. ಲಕ್ಷಾಂತರ ಯಾತ್ರಿಕರು ಅದೇ ದರ್ಶನವನ್ನು ಪಡೆದು ಕೈಮುಗಿದು ಮರಳಿದ್ದರು. ಆದರೆ ಈ ವ್ಯಾಪಾರಿಯ ದೃಷ್ಟಿ ಜೀರ್ಣವಾಗುತ್ತಿದ್ದ ಓಲೆಗಳ ಮೇಲೆ ಬಿತ್ತು. ಇವನ್ನು ಓದಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಅವರು ಕೇಳಿದರು. ಇಲ್ಲಿ ಯಾರೂ ಓದಲಾರರು, ದರ್ಶನಪೂಜೆಗಳಲ್ಲಿಯೇ ನಮ್ಮ ಜನ್ಮ ಸಾರ್ಥಕವೆಂದು ತಿಳಿದಿದ್ದೇವೆ, ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು ಮಾತ್ರ ಓದಬಲ್ಲರು ಎಂಬ ಉತ್ತರ ಬಂದಿತು.

ಆ ಉತ್ತರದಿಂದ ಮಾಣಿಕಚಂದರಿಗೆ ನಿದ್ರೆ ಬರದಂತಾಗಿರಬೇಕು. ಅವರು ಮರಳಿದೊಡನೆ ಸೊಲ್ಲಾಪುರದ ಸೇಠ ಹೀರಾಚಂದ ನೇಮಚಂದರಿಗೆ ಪತ್ರ ಬರೆದರು. ಮರುವರ್ಷ ಹೀರಾಚಂದರು ಬ್ರಹ್ಮಸೂರಿ ಶಾಸ್ತ್ರಿಗಳನ್ನು ಕರೆದುಕೊಂಡು ಮೂಡಬಿದಿರೆಗೆ ಬಂದು ಮಂಗಲಾಚರಣದ ಭಾಗವನ್ನು ಓದಿಸಿ ಕೇಳಿದರು. 1896ರ ಸುಮಾರಿಗೆ ಪ್ರತಿ ಮಾಡುವ ಕಾರ್ಯ ಆರಂಭವಾಗಿ ಸುಮಾರು ಕಾಲು ಶತಮಾನ ನಡೆಯಿತು. ಹಳಗನ್ನಡ ಲಿಪಿಯಲ್ಲಿದ್ದ ಪ್ರಾಕೃತ ಗ್ರಂಥವು ನಾಗರಿಯಲ್ಲಿಯೂ ಹೊಸ ಕನ್ನಡ ಲಿಪಿಯಲ್ಲಿಯೂ ಇಳಿಯಿತು. ಭೇಲಸಾದ ಸೇಠ ಸಿತಾಬರಾಯ ಲಕ್ಷ್ಮೀಚಂದರ ದಾನದಿಂದ, ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ, ಅಮರಾವತಿಯಿಂದ 1939ರಲ್ಲಿ ಧವಲದ ಪ್ರಥಮ ಸಂಪುಟ ಹೊರಬಂದಿತು. ಮುಂದಿನ ಎರಡು ದಶಕಗಳಲ್ಲಿ ಹದಿನಾರು ಸಂಪುಟಗಳು ಪೂರ್ಣವಾದುವು. ನಮ್ಮ ಗಡಿನಾಡಿನ ಸದಲಗಾದಲ್ಲಿ ಹುಟ್ಟಿದ ಡಾ. ಆ. ನೇ. ಉಪಾಧ್ಯೆಯವರು (1906-1975) ಈ ಸಂಪಾದನೆಗೆ ನೆರವಾದರು. ಇಷ್ಟೆಲ್ಲಕ್ಕೂ ಬೀಜವಾದುದು ಒಬ್ಬ ವ್ಯಾಪಾರಿಯ ಒಂದು ವಾಕ್ಯದ ಪ್ರಶ್ನೆ. ಈ ಗ್ರಂಥಗಳ ಬೆಲೆಯೆಷ್ಟು, ಪ್ರಾಚೀನತೆಯೆಷ್ಟು, ಮಹಿಮೆಯೇನು ಎಂದು ಅವರು ಕೇಳಿದ್ದರೆ ಹೊಗಳಿಕೆಯ ಉತ್ತರಗಳೇ ಬರುತ್ತಿದ್ದವು. ಓದುವವರು ಯಾರು ಎಂದು ಕೇಳಿದ್ದರಿಂದ ಒಂದು ವ್ಯಕ್ತಿಯ ಹೆಸರೂ ಊರೂ ದೊರೆಯಿತು, ಕಾರ್ಯಕ್ಕೆ ದಾರಿ ತೆರೆಯಿತು.

ಧವಲದ ಪ್ರಕಾಶನದ ಕಾಲದಲ್ಲಿಯೇ ಸ್ಪಷ್ಟ ಪ್ರಶ್ನೆಯ ಮತ್ತೊಂದು ದೃಷ್ಟಾಂತ ದೊರೆಯುತ್ತದೆ. ಸತ್ಪ್ರರೂಪಣೆಯ 93ನೆಯ ಸೂತ್ರವು ಮಾನುಷಿಯರ ಗುಣಸ್ಥಾನಗಳಿಗೆ ಸಂಬಂಧಿಸಿದುದು. ಸಂಪಾದಕರ ಕೈಯಲ್ಲಿದ್ದ ಪ್ರತಿಗಳಲ್ಲಿ ಅಲ್ಲಿ 'ಸಂಜದ' ಎಂಬ ಪದವಿರಲಿಲ್ಲ. ಆದರೆ ವೀರಸೇನಾಚಾರ್ಯರ ಟೀಕೆಯನ್ನು ನೋಡಿದರೆ ಮೂಲದಲ್ಲಿ ಆ ಪದವಿದ್ದಿರಬೇಕೆಂದು ತೋರುತ್ತಿತ್ತು. ಸಂಪಾದಕರು ಮೂಲಕ್ಕೆ ತಾವೇ ಸೇರಿಸದೆ, ಇಲ್ಲಿ ಈ ಪದ ಬಿಟ್ಟುಹೋದಂತೆ ಕಾಣುತ್ತದೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಅನಂತರ ಸಮಾಜದಲ್ಲಿ ದೊಡ್ಡ ವಾದವೇ ಎದ್ದಿತು. ಲೇಖನಗಳು, ಪ್ರತಿಲೇಖನಗಳು, ಮನಸ್ತಾಪಗಳು ನಡೆದುವು. ಮೂಡಬಿದಿರೆಯ ತಾಡಪತ್ರವನ್ನು ಹೋಲಿಸಿ ನೋಡಿದಾಗ ಅಲ್ಲಿ 'ಸಂಜದ' ಪದವಿತ್ತು. ಆ ಪದದ ಅರ್ಥದ ಕುರಿತ ಚರ್ಚೆ ಬೇರೆಯ ಮಾತು, ಅದು ಪಂಡಿತರ ಕ್ಷೇತ್ರ. ಇಲ್ಲಿ ಗಮನಿಸಬೇಕಾದುದು ಪ್ರಶ್ನೆಯ ರೂಪ. ಯಾವ ಗ್ರಂಥ, ಯಾವ ಭಾಗ, ಎಷ್ಟನೆಯ ಸೂತ್ರ, ಯಾವ ಪದ, ಸಂದೇಹಕ್ಕೆ ಕಾರಣವೇನು ಎಂಬ ಐದೂ ಅಂಶಗಳು ಅದರಲ್ಲಿದ್ದವು. ಅಕಲಂಕದೇವರ ಮಾತಿನಲ್ಲಿ ಹೇಳುವುದಾದರೆ ಅದು ಮೊದಲಿಗೆ ಪಾಠದ ಪ್ರಶ್ನೆಯಾಗಿತ್ತು. ಆದ್ದರಿಂದಲೇ ಓಲೆಯನ್ನು ಬಿಚ್ಚಿ ನೋಡಿದವರು ಇದೆ ಅಥವಾ ಇಲ್ಲವೆಂದು ಹೇಳಲು ಸಾಧ್ಯವಾಯಿತು. ಪಾಠದ ಪ್ರಶ್ನೆಯನ್ನು ಅರ್ಥದ ಜಗಳವನ್ನಾಗಿ ಮಾಡಿಕೊಂಡವರಿಗೆ ಮನಸ್ತಾಪವೇ ಲಾಭವಾಯಿತು.

ವ್ಯಾಪಾರದ ಚೀಟಿಯಿಂದ ಕಲಿಯುವ ಪಾಠ

ಈ ನಿಯಮಗಳು ವ್ಯಾಪಾರಿಗಳಿಗೆ ಹೊಸವಲ್ಲ. ಮಹಾಲಿಂಗಪುರದ ಅಡತಿ ಅಂಗಡಿಗೆ ಬೆಲ್ಲಕ್ಕಾಗಿ ಬರೆಯುವವನು "ಒಳ್ಳೆಯ ಬೆಲ್ಲ ಕಳಿಸಿರಿ" ಎಂದಷ್ಟೇ ಬರೆಯುವುದಿಲ್ಲ. ಯಾವ ದರ್ಜೆ, ಎಷ್ಟು ಪೆಂಟಿ, ಯಾವ ದರದೊಳಗೆ, ಯಾವ ದಿನಕ್ಕೆ ಎಂದು ಬರೆಯುತ್ತಾನೆ. ರಬಕವಿ-ಬನಹಟ್ಟಿಯ ನೇಕಾರನು ನೂಲಿನ ನಂಬರನ್ನೂ ಬಣ್ಣವನ್ನೂ ತೂಕವನ್ನೂ ಹೇಳದೆ ನೂಲು ಕೇಳುವುದಿಲ್ಲ. ಲೆಕ್ಕ ಹೊಂದದಿದ್ದಾಗ "ನಿಮ್ಮ ಲೆಕ್ಕ ತಪ್ಪಿದೆ" ಎಂದು ಕೂಗಾಡುವವನಿಗಿಂತ, ಇಂಥ ದಿನದ ಕೀರ್ದಿಯಲ್ಲಿ ಇಂಥ ರಕಮು ಖಾತೆಗೆ ಏರಿಲ್ಲವೆಂದು ತೋರಿಸುವವನಿಗೆ ಒಡನೆಯೇ ಉತ್ತರ ಸಿಗುತ್ತದೆ. ಅಂಗಡಿಯಲ್ಲಿ ಇಷ್ಟು ಜಾಗರೂಕರಾದ ನಾವು ಆತ್ಮಕಲ್ಯಾಣದ ವಿಷಯದಲ್ಲಿ ಮಾತ್ರ ಏಕೆ ಅಸ್ಪಷ್ಟರಾಗಬೇಕು? "ಕರ್ಮವೆಂದರೇನು?" ಎಂದು ಒಂದೇ ಸಾಲಿನಲ್ಲಿ ಕೇಳಿ, ಕರ್ಮಕಾಂಡದ ಸಾವಿರಾರು ಪುಟಗಳ ಭಾರವನ್ನು ಪಂಡಿತರ ತಲೆಯ ಮೇಲೆ ಹೊರಿಸುವುದು ಯಾವ ನ್ಯಾಯ?

ಅಸ್ಪಷ್ಟ ಪ್ರಶ್ನೆಯು ಕೇವಲ ಜಾಣತನದ ಕೊರತೆಯಲ್ಲ, ಅದರಲ್ಲಿ ನೀತಿಯ ಲೋಪವೂ ಇದೆ ಎಂಬುದು ನನ್ನ ಅಭಿಪ್ರಾಯ. ನಾವು ಮಾಡಬೇಕಾದ ಶ್ರಮವನ್ನು ಉಳಿಸಿಕೊಂಡು, ಆ ಶ್ರಮವನ್ನು ಇನ್ನೊಬ್ಬರ ಸಮಯದಿಂದ ವಸೂಲು ಮಾಡುವುದು ಪ್ರಮಾದವೇ ಸರಿ. ಅಚೌರ್ಯಾಣುವ್ರತವನ್ನು ಹಿಡಿದವನು ಪರರ ಧನವನ್ನು ಮುಟ್ಟುವುದಿಲ್ಲ. ಪರರ ಸಮಯವೂ ಧನವೇ ಅಲ್ಲವೇ? ಅದನ್ನು ಬೇಡಿ ಪಡೆಯಬಹುದು, ಕೊಟ್ಟಷ್ಟನ್ನು ಕೃತಜ್ಞತೆಯಿಂದ ಸ್ವೀಕರಿಸಬಹುದು, ಅಲಕ್ಷ್ಯದಿಂದ ಪೋಲು ಮಾಡಬಾರದು.

ಮೇಲಿನ ಇತಿಹಾಸದಿಂದ ಹೊರಡುವ ನಿಯಮಗಳನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಕೇಳುವ ಮೊದಲು ಸ್ವತಃ ಓದಿ ನೋಡಬೇಕು, ಏನನ್ನು ಓದಿದೆನೆಂಬುದನ್ನು ಪ್ರಶ್ನೆಯಲ್ಲಿಯೇ ತಿಳಿಸಬೇಕು. ಗ್ರಂಥ, ಅಧ್ಯಾಯ, ಗಾಥೆ ಅಥವಾ ಸೂತ್ರದ ಸಂಖ್ಯೆಯನ್ನು ಕಾಣಿಸಬೇಕು. ಪಾಠದ ಸಂದೇಹವೋ ಅರ್ಥದ ಸಂದೇಹವೋ ಎಂಬುದನ್ನು ಬೇರ್ಪಡಿಸಬೇಕು. ಒಂದು ಸಲಕ್ಕೆ ಒಂದೇ ಪ್ರಶ್ನೆ ಇರಲಿ, ಅದರ ಉತ್ತರದಿಂದ ಮುಂದಿನದು ಹುಟ್ಟಲಿ. ಉಪಮೆ ಕೊಟ್ಟರೆ ಅದರ ಯಾವ ಅಂಶವನ್ನು ಉದ್ದೇಶಿಸಿದ್ದೇವೆಂಬುದು ತಿಳಿದಿರಲಿ. ಉತ್ತರವು ಗೊತ್ತಿದ್ದೂ ಪರೀಕ್ಷಿಸಲೆಂದು ಕೇಳಬಾರದು. ಒಬ್ಬ ಪಂಡಿತರು ಕೊಟ್ಟ ಉತ್ತರವನ್ನು ಇನ್ನೊಬ್ಬರ ಬಳಿಗೆ ಒಯ್ದು ಇಬ್ಬರಿಗೂ ವೈಮನಸ್ಯ ತರಬಾರದು. ಉತ್ತರ ಬಂದ ಮೇಲೆ ಸಂದೇಹ ಪರಿಹಾರವಾಯಿತೋ ಇಲ್ಲವೋ ಎಂಬುದನ್ನು ಮರಳಿ ತಿಳಿಸಬೇಕು. ಬಂದ ಹಣವನ್ನು ಜಮಾ ಮಾಡದ ವ್ಯಾಪಾರಿಯನ್ನು ಯಾರೂ ಮೆಚ್ಚುವುದಿಲ್ಲ. ಬಂದ ಉತ್ತರವನ್ನು ಬರೆದಿಟ್ಟು ನಾಲ್ಕು ಜನರಿಗೆ ತಿಳಿಸಿದಾಗಲೇ ಅದು ಜಮಾ ಆದಂತೆ.

ಉತ್ತರಿಸುವವರ ಹೊಣೆ

ಮರ್ಯಾದೆಯು ಕೇಳುವವನಿಗೆ ಮಾತ್ರ ಸೇರಿದುದಲ್ಲ. ಶಕ 738ರಲ್ಲಿ, ಕ್ರಿ.ಶ. 816ರಲ್ಲಿ, ಧವಲವನ್ನು ಮುಗಿಸಿದ ವೀರಸೇನಾಚಾರ್ಯರು ಪುಟಪುಟದಲ್ಲಿಯೂ ಶಂಕೆಯನ್ನು ತಾವೇ ಎತ್ತಿ ಸಮಾಧಾನ ಹೇಳುತ್ತಾರೆ. ಕೇಳುವವನು ಕೇಳಲಾರದ ಪ್ರಶ್ನೆಯನ್ನೂ ಅವನ ಪರವಾಗಿ ಅವರೇ ಸ್ಪಷ್ಟವಾಗಿ ರೂಪಿಸುತ್ತಾರೆ. ಆಚ್ಚರಿಯೆಂದರೆ, ಆಚಾರ್ಯಪರಂಪರೆಯಲ್ಲಿ ದಕ್ಷಿಣಪ್ರತಿಪತ್ತಿ, ಉತ್ತರಪ್ರತಿಪತ್ತಿಯೆಂದು ಎರಡು ಭಿನ್ನ ಉಪದೇಶಗಳು ಬಂದಿರುವ ಕಡೆಗಳಲ್ಲಿ ಎರಡನ್ನೂ ಮುಂದಿಡುತ್ತಾರೆ. ನಿರ್ಣಯಕ್ಕೆ ಆಧಾರವಿಲ್ಲದ ಇಂಥ ಹಲವು ಸ್ಥಳಗಳಲ್ಲಿ, ಉಪದೇಶವನ್ನು ಪಡೆದು ತಿಳಿಯಬೇಕೆಂದು ಬಿಟ್ಟುಬಿಡುತ್ತಾರೆ. ಅಂಥ ಮಹಾಜ್ಞಾನಿಗಳೇ ತಿಳಿಯದುದನ್ನು ತಿಳಿಯದೆಂದು ಹೇಳಲು ಸಂಕೋಚಪಡಲಿಲ್ಲ. ಇಂದು ಪ್ರಶ್ನೆ ಬಂದೊಡನೆ ಏನಾದರೂ ಹೇಳಿಬಿಡುವ, ಇಲ್ಲವೆ ಕೇಳಿದವನನ್ನೇ ಗದರಿಸಿ ಕೂರಿಸುವ ಪದ್ಧತಿಯು ವೀರಸೇನರ ಮಾರ್ಗವಲ್ಲ. ಗದರಿಸಿಕೊಂಡ ಬಾಲಕನು ಮತ್ತೆ ಬಸದಿಯಲ್ಲಿ ಬಾಯಿ ತೆರೆಯಲಾರನು. ಹತ್ತು ವರ್ಷದ ನಂತರ ಅವನು ಬಸದಿಗೆ ಬರುವುದನ್ನೇ ಬಿಟ್ಟರೆ, ತಪ್ಪು ಅವನದೆಂದು ಹೇಳುವುದು ಸುಲಭ.

ಇದರಲ್ಲಿಯೇ ಇರುವುದು ನಮ್ಮ ಸಮಾಜದ ನಿಜವಾದ ಸಂಕಟ. ಜಮಖಂಡಿ, ಮುಧೋಳ, ತೇರದಾಳಗಳ ಸುತ್ತಿನ ಜೈನ ಮನೆತನಗಳ ಮಕ್ಕಳು ಇಂದು ಬೆಂಗಳೂರು, ಪುಣೆಗಳಿಗೆ, ಪರದೇಶಗಳಿಗೆ ಹೋಗಿ ನೆಲೆಸಿದ್ದಾರೆ. ಅವರ ಮನಸ್ಸಿನಲ್ಲಿ ಪ್ರಶ್ನೆಗಳಿಲ್ಲವೆಂದಲ್ಲ. ರಾತ್ರಿಭೋಜನತ್ಯಾಗವನ್ನು ಕಾರ್ಯಾಲಯದ ವೇಳೆಯೊಡನೆ ಹೊಂದಿಸುವುದು ಹೇಗೆ, ಪ್ರಾಣಿಜನ್ಯ ಔಷಧದ ವಿಷಯದಲ್ಲಿ ಗೃಹಸ್ಥನ ಮರ್ಯಾದೆಯೇನು, ಹದಿನೈದು ಕರ್ಮಾದಾನಗಳನ್ನು ನಿಷೇಧಿಸಿದ ಧರ್ಮವು ಇಂದಿನ ಯಾವ ಉದ್ಯೋಗಗಳನ್ನು ಒಪ್ಪುತ್ತದೆ ಎಂದು ಅವರು ಯೋಚಿಸುತ್ತಾರೆ. ಮನೆಯ ಹೆಣ್ಣುಮಕ್ಕಳಲ್ಲಿ ಇನ್ನೂ ಆಳವಾದ ಪ್ರಶ್ನೆಗಳಿವೆ, ಸಭೆಯಲ್ಲಿ ಕೇಳುವ ಅಭ್ಯಾಸವಿಲ್ಲ. ಇತ್ತ ಆಗಮವನ್ನು ಬಲ್ಲ ಪಂಡಿತರ ಸಂಖ್ಯೆ ಪ್ರತಿವರ್ಷ ಕಡಿಮೆಯಾಗುತ್ತಿದೆ. ಉತ್ತರಿಸುವವರು ಇರುವಾಗಲೇ ಕೇಳದಿದ್ದರೆ, ಮೂಡಬಿದಿರೆಯ ಓಲೆಗಳಂತೆ ನಮ್ಮ ಜ್ಞಾನವೂ ಪೂಜೆಗೆ ಮಾತ್ರ ಯೋಗ್ಯವಾದ ವಸ್ತುವಾಗಿ ಉಳಿದೀತು. ಆಗ ಓದುವವರು ಯಾರೆಂದು ಕೇಳಲು ಮತ್ತೊಬ್ಬ ಮಾಣಿಕಚಂದರು ಬರುವರೆಂಬ ಭರವಸೆಯೇನೂ ಇಲ್ಲ.

ಆದುದರಿಂದ ಒಂದು ಸರಳ ಸೂಚನೆಯನ್ನು ಸಮಾಜಬಾಂಧವರ ಮುಂದಿಡುತ್ತೇನೆ. ಪ್ರತಿಯೊಂದು ಬಸದಿಯಲ್ಲಿ ಸ್ವಾಧ್ಯಾಯದ ಗ್ರಂಥದ ಪಕ್ಕದಲ್ಲಿ ಒಂದು ಪ್ರಶ್ನೆಯ ವಹಿಯನ್ನು ಇಡಬೇಕು. ಕೇಳುವವರು ತಮ್ಮ ಹೆಸರನ್ನು ಬರೆಯಲಿ ಅಥವಾ ಬಿಡಲಿ. ಗ್ರಂಥದ ಸ್ಥಳವನ್ನೂ ತಮಗೆ ಎಲ್ಲಿಯವರೆಗೆ ತಿಳಿದಿದೆಯೆಂಬುದನ್ನೂ ಬರೆಯಲಿ. ಬಾಲಕರೂ ಶ್ರಾವಿಕೆಯರೂ ಸಂಕೋಚವಿಲ್ಲದೆ ಬರೆಯಲಿ. ಚಾತುರ್ಮಾಸದಲ್ಲಿ ಮುನಿಸಂಘ ಬಂದಾಗ, ಅಥವಾ ಪಂಡಿತರು ಆಗಮಿಸಿದಾಗ, ಆ ವಹಿಯನ್ನು ಅವರ ಮುಂದಿಟ್ಟು ದೊರೆತ ಉತ್ತರಗಳನ್ನು ಅದರ ಎದುರು ಪುಟದಲ್ಲಿ ಬರೆದುಕೊಳ್ಳಬೇಕು. ಉತ್ತರ ದೊರೆಯದ ಪ್ರಶ್ನೆಗಳನ್ನು ಅಳಿಸದೆ ಮುಂದಿನ ವರ್ಷದ ವಹಿಗೆ ಬಾಕಿಯೆಂದು ಎಳೆಯಬೇಕು. ಲೆಕ್ಕದಲ್ಲಿ ಬಾಕಿಯನ್ನು ಮುಚ್ಚಿಡುವುದು ಅಪರಾಧ, ತೋರಿಸುವುದು ಪ್ರಾಮಾಣಿಕತೆ. ಜ್ಞಾನದ ಲೆಕ್ಕಕ್ಕೂ ಅದೇ ನ್ಯಾಯವು ಅನ್ವಯಿಸುತ್ತದೆ. ಇದಕ್ಕೆ ತಗಲುವ ಖರ್ಚು ಒಂದು ವಹಿ ಮತ್ತು ಒಂದು ಲೇಖನಿಯದು ಮಾತ್ರ. ಬರುವ ವೀರಶಾಸನ ಜಯಂತಿಯಂದೇ ಈ ಕಾರ್ಯಕ್ಕೆ ಆರಂಭವಾಗಲಿ ಎಂದು ಪ್ರಾರ್ಥಿಸಿ ವಿರಮಿಸುತ್ತೇನೆ.